ಕೇಳಿಸಿಕೊಂಡ ಮಾತು

ಊರಿನವರೆಲ್ಲ ಅವರನ್ನು ಕ್ಯಾಪ್ಟನ್ ಎಂದು ಕರೆಯುತ್ತಿದ್ದರು. ಅವರು ಕ್ಯಾಪ್ಟನ್ ಆಗಿರಲೇ ಇಲ್ಲ. ಸೈನ್ಯದಲ್ಲಿ ಇದ್ದಷ್ಟು ಕಾಲವೂ ವೈರ್‌ಲೆಸ್ ಪೆಟ್ಟಿಗೆಯ ಮುಂದೆ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂತಿದ್ದ ಮನುಷ್ಯ. ನಿವೃತ್ತರಾಗಿ ಬಂದ ಹೊಸದರಲ್ಲಿ ಕಂಡಕಂಡವರಿಗೆಲ್ಲ ನಾನು ಕ್ಯಾಪ್ಟನ್ ಅಲ್ಲ, ಅಲ್ಲ ಎಂದು ತಿದ್ದಿ ತಿದ್ದಿ ಬಾಯಿ ನೋಯಿಸಿಕೊಂಡರು. ಅವರು ತಿದ್ದಿದಷ್ಟೂ ಜನ, ಎಂಥ ವಿನಯ ನೋಡಿ ಎಂದು ಇನ್ನಷ್ಟು ಗಟ್ಟಿಯಾಗಿ ಕ್ಯಾಪ್ಟನ್ ಅಂದರು. ಕೊನೆಗೆ ಸೋತು ಸುಮ್ಮನಾದರು. ಅವರ ಹೆಂಡತಿಗೆ ಇದನ್ನು ನೆನೆಸಿಕೊಂಡಾಗಲೆಲ್ಲ ನಗು. ಗಂಡನ ಮೇಲೆ ಸಿಟ್ಟು ಬಂದಾಗ ಮಾತ್ರ ಅವಳೂ ಮನೆಯಲ್ಲಿ ಅವರನ್ನು ಕ್ಯಾಪ್ಟನ್ನರೇ ಎಂದು ಕರೆಯುತ್ತಿದ್ದಳು.

ಅವಳನ್ನು ಊರು ಟೈಲರಮ್ಮ ಎಂದು ಕರೆಯುತ್ತಿತ್ತು, ಮತ್ತು ಅವಳು ನಿಜವಾಗಿಯೂ ಟೈಲರೇ. ಗಂಡ ದೂರದ ಗುಡ್ಡಗಳ ಮೇಲೆ ಯಾರದೋ ಮಾತು ಕೇಳಿಸಿಕೊಳ್ಳುತ್ತಾ ಕೂತಿದ್ದ ವರ್ಷಗಳಲ್ಲಿ, ಮನೆಯ ಮುಂದಿನ ಕೋಣೆಯಲ್ಲಿ ಮೆಷಿನ್ ಹಾಕಿ ಶಾಲೆ ಮಕ್ಕಳ ಸಮವಸ್ತ್ರ, ಕಿಟಕಿ ಪರದೆ, ಆಸ್ಪತ್ರೆಯ ನರ್ಸುಗಳ ಬಿಳಿ ಕೋಟು ಹೊಲಿದು ಮಗಳನ್ನು ಓದಿಸಿ, ಮದುವೆ ಮಾಡಿ ಕಳಿಸಿದವಳು. ಕೈ ಎಷ್ಟು ಚುರುಕೋ ಬಾಯಿಯೂ ಅಷ್ಟೇ ಚುರುಕು. ಗಿರಾಕಿಗಳು ಅಳತೆ ಕೊಡುವಾಗ ಹೊಟ್ಟೆ ಒಳಗೆ ಎಳೆದುಕೊಂಡರೆ, 'ಉಸಿರು ಬಿಡಿ, ನಾನೇನೂ ಊರಿಗೆಲ್ಲ ಡಂಗುರ ಹೊಡೆಯಲ್ಲ' ಎಂದು ಹೇಳುತ್ತಿದ್ದಳು.

ವೈರ್‌ಲೆಸ್ ಕೆಲಸದಲ್ಲಿ ಒಂದು ಕಟ್ಟುನಿಟ್ಟು ಉಂಟು. ಅತ್ತಲಿಂದ ಬಂದ ಮಾತನ್ನು ಇತ್ತ ಕೇಳಿಸಿಕೊಂಡವನು ಒಂದಕ್ಷರ ಬಿಡದೆ ತಿರುಗಿ ಹೇಳಬೇಕು. ಅತ್ತಲಿನವನು 'ಸರಿ' ಅಂದಮೇಲೆಯೇ ಆ ಮಾತು ಮುಟ್ಟಿದಂತೆ ಲೆಕ್ಕ. ಗಾಳಿಯ ಗದ್ದಲದಲ್ಲಿ ಒಂದು 'ಬೇಡ' ಬಿದ್ದುಹೋದರೆ ಜನ ಸಾಯುತ್ತಾರೆ. ಈ ಅಭ್ಯಾಸ ಕ್ಯಾಪ್ಟನ್ನರ ಮೈಗೆ ಎಷ್ಟು ಹತ್ತಿಬಿಟ್ಟಿತ್ತೆಂದರೆ, ಬರುವಾಗ ಬಿಳಿ ದಾರ, ಹದಿನಾರನೇ ನಂಬರಿನ ಸೂಜಿ ತನ್ನಿ ಎಂದು ಹೆಂಡತಿ ಹೇಳಿದರೂ, ಬಾಗಿಲಲ್ಲಿ ನೆಟ್ಟಗೆ ನಿಂತು, 'ಬಿಳಿ ದಾರ. ಹದಿನಾರನೇ ನಂಬರಿನ ಸೂಜಿ. ಸರಿಯಾ?' ಎಂದು ಕೇಳಿ, ಅವಳು ಸರಿ ಅನ್ನುವ ತನಕ ಹೊಸಿಲು ದಾಟುತ್ತಿರಲಿಲ್ಲ. ಮದುವೆಯಾದ ಹೊಸದರಲ್ಲಿ ಅವಳು ಇದನ್ನು ಪ್ರೀತಿ ಎಂದುಕೊಂಡಳು. ಆಮೇಲೆ ರೋಗ ಎಂದುಕೊಂಡಳು. ಕೊನೆಗೆ ಗೊರಕೆಯ ಹಾಗೆ ಅದಕ್ಕೂ ಒಗ್ಗಿಹೋದಳು.

ಈ ಅಭ್ಯಾಸವೇ ಅವರನ್ನು ಶಾಸಕರನ್ನಾಗಿ ಮಾಡಿತು ಎಂದರೆ ಸುಳ್ಳಲ್ಲ. ಅವರಿಗಿಂತ ಮುಂಚೆ ಇದ್ದ ಶಾಸಕ, ಜನ ಮಾತಾಡುತ್ತಿದ್ದರೆ ಆಕಾಶ ನೋಡುತ್ತಿದ್ದ. ಪಕ್ಷಕ್ಕೆ ಕಳಂಕವಿಲ್ಲದ ಹೊಸ ಮುಖ ಬೇಕಿತ್ತು. ಮಾಜಿ ಸೈನಿಕರ ಸಂಘದ ಕೆಲಸ ಎಂದು ಹೆಂಡತಿಯ ಹೊಲಿಗೆ ಕೋಣೆಯಲ್ಲೇ ನಾಲ್ಕು ಜನರ ಅಹವಾಲು ಕೇಳುತ್ತಿದ್ದ ಕ್ಯಾಪ್ಟನ್ ಕಣ್ಣಿಗೆ ಬಿದ್ದರು. ಪಕ್ಷದವರು ಬಂದು ನಿಲ್ಲಿ ಅಂದರು, ಇವರು ನಿಂತರು. ಜನ ಗೆಲ್ಲಿಸಿದರು. ಟೈಲರಮ್ಮನ ಮೆಷಿನ್ನು ಪಕ್ಕದ ಕಿರುಕೋಣೆಗೆ ಹೋಯಿತು, ಮುಂದಿನ ಕೋಣೆಗೆ ಬೆಂಚುಗಳು ಬಂದವು. ಎರಡು ಕೋಣೆಗಳ ನಡುವೆ ಒಂದು ಪರದೆ. ಅವಳೇ ಹೊಲಿದದ್ದು. ಪರದೆಯಾಚೆ ಆಡಿದ ಒಂದೊಂದು ಮಾತೂ ಅವಳ ಕಿವಿಗೆ ಬೀಳುತ್ತಿತ್ತು.

ಬೆಳಗಾದರೆ ಬೆಂಚು ತುಂಬುತ್ತಿತ್ತು. ಒಬ್ಬ ಮುದುಕ ಬಂದು ತನ್ನ ಓಣಿಯ ಚರಂಡಿ ಉಕ್ಕಿ ಮನೆಯೊಳಗೆ ಬರುತ್ತಿದೆ, ಅದನ್ನು ಅಗಲ ಮಾಡಿಸಿ ಎಂದು ಹೇಳುತ್ತಿದ್ದ. ಕ್ಯಾಪ್ಟನ್ ಬೆನ್ನು ನೆಟ್ಟಗೆ ಮಾಡಿ, ಕಣ್ಣಲ್ಲಿ ಕಣ್ಣಿಟ್ಟು, ಮುದುಕನ ಓಣಿ, ಚರಂಡಿ, ಅಗಲ ಎಲ್ಲವನ್ನೂ ಚಾಚೂ ತಪ್ಪದೆ ತಿರುಗಿ ಹೇಳಿ ಸರಿಯಾ ಎಂದು ಕೇಳುತ್ತಿದ್ದರು. ಮುದುಕನ ಮುಖ ಊರಗಲವಾಗುತ್ತಿತ್ತು. ಅವನ ಜೀವಮಾನದಲ್ಲಿ ಅವನ ಮಾತನ್ನು ಯಾರೂ ಹೀಗೆ ಎತ್ತಿಕೊಂಡಿರಲಿಲ್ಲ. ಅವನು ಹೊರಗೆ ಹೋಗಿ ಚಪ್ಪಲಿ ಮೆಟ್ಟುವಾಗ, ಕಾಯುತ್ತಿದ್ದ ಮಗ ಏನಂದರು ಎಂದು ಕೇಳುತ್ತಿದ್ದ. ಕಿರುಕೋಣೆಯ ಕಿಟಕಿ ಸರಿಯಾಗಿ ಚಪ್ಪಲಿ ಬಿಡುವ ಜಾಗದ ಮೇಲೇ ಇತ್ತು.

'ಮಾಡಿಸ್ತಾರಂತೆ' ಎಂದು ಮುದುಕ ಹೇಳುತ್ತಿದ್ದ.

ಟೈಲರಮ್ಮ ಇದನ್ನು ಒಂದು ಸಲ ಕೇಳಿದಳು, ಹತ್ತು ಸಲ ಕೇಳಿದಳು. ಕೊನೆಗೆ ಊಟದ ಹೊತ್ತಿಗೆ ಗಂಡನಿಗೆ ತಿಳಿಹೇಳಿದಳು. ನೀವು ತಿರುಗಿ ಹೇಳುವುದನ್ನು ಜನ ನೀವು ಕೊಟ್ಟ ಮಾತು ಎಂದುಕೊಳ್ಳುತ್ತಿದ್ದಾರೆ, ಒಂದಲ್ಲ ಒಂದು ದಿನ ಇದು ಕುತ್ತಿಗೆಗೆ ಬರುತ್ತದೆ ಎಂದಳು. ಕ್ಯಾಪ್ಟನ್ ನಕ್ಕುಬಿಟ್ಟರು. ತಾನು ಇಲ್ಲಿಯತನಕ ಒಬ್ಬರಿಗೂ ಮಾಡಿಕೊಡುತ್ತೇನೆ ಅಂದಿಲ್ಲ, ಹಾಗಾಗಿ ಒಬ್ಬರಿಗೂ ಮಾತು ತಪ್ಪಿಲ್ಲ, ರಾಜಧಾನಿಯಲ್ಲಿ ಕೂತವರಲ್ಲಿ ಹೀಗೆ ಎದೆ ತಟ್ಟಿ ಹೇಳಬಲ್ಲವನು ತಾನೊಬ್ಬನೇ ಎಂದರು. ಅದು ಅವರ ದೊಡ್ಡ ಹೆಮ್ಮೆ. ಅವಳಿಗೆ ಆ ಹೆಮ್ಮೆ ಒಂಚೂರೂ ಸೇರುತ್ತಿರಲಿಲ್ಲ, ಆದರೆ ಅದರಲ್ಲಿ ತಪ್ಪೇನೆಂದು ಬೊಟ್ಟು ಮಾಡಿ ತೋರಿಸಲು ಆಗ ಬರಲಿಲ್ಲ.

ಮೊದಲ ಐದು ವರ್ಷ ಅದೃಷ್ಟ ಕೈ ಹಿಡಿಯಿತು. ಕೇಳಿಸಿಕೊಂಡದ್ದನ್ನೆಲ್ಲ ಅವರು ಪ್ರಾಮಾಣಿಕವಾಗಿ ಅಧಿಕಾರಿಗಳಿಗೆ, ಮಂತ್ರಿಗಳಿಗೆ ಮುಟ್ಟಿಸುತ್ತಿದ್ದರು. ಸರ್ಕಾರದ ಕೈಯೂ ಸಡಿಲವಾಗಿದ್ದ ಕಾಲ. ಚರಂಡಿ ಅಗಲವಾಯಿತು, ಶಾಲೆಗೆ ಕಾಂಪೌಂಡು ಬಂತು, ಬಸ್ ನಿಲ್ದಾಣಕ್ಕೆ ಸೂರು ಬಂತು. ಆಗದೇ ಉಳಿದದ್ದನ್ನು ಜನ ಅವರ ಮೇಲಿನ ಪ್ರೀತಿಗೆ ಮರೆತರು. ಎರಡನೇ ಸಲ ಇನ್ನೂ ದೊಡ್ಡದಾಗಿ ಗೆದ್ದರು.

ಎರಡನೇ ಸಲದ ನಡುವಿನಲ್ಲಿ ಹೆರಿಗೆ ವಾರ್ಡಿನ ಸುದ್ದಿ ಬಂತು. ಸಣ್ಣ ಊರುಗಳ ಹೆರಿಗೆ ವಾರ್ಡುಗಳನ್ನೆಲ್ಲ ಮುಚ್ಚಿ ನಗರದ ದೊಡ್ಡಾಸ್ಪತ್ರೆಗೆ ಸೇರಿಸಬೇಕೆಂದು ಸರ್ಕಾರ ಶಾಸನಸಭೆಯಲ್ಲಿ ಮಸೂದೆ ತರುವುದಿತ್ತು. ಸರ್ಕಾರ ಇವರದೇ ಪಕ್ಷದ್ದು. ಊರ ವಾರ್ಡು ದೊಡ್ಡದೇನಲ್ಲ. ಕಬ್ಬಿಣದ ಎಂಟು ಮಂಚ, ಬಿಸಿನೀರಿನ ಒಲೆ, ಹಗಲೆಲ್ಲ ಬಿಸಿಲು ಬೀಳುವ ಉದ್ದನೆಯ ಕಿಟಕಿ, ಮತ್ತು ಎಲ್ಲಕ್ಕೂ ಮೇಲೆ ದೊಡ್ಡ ನರ್ಸಮ್ಮ. ಊರಿನ ಅರ್ಧ ಜನ ಈ ಲೋಕದಲ್ಲಿ ಮೊದಲು ನೋಡಿದ ಮುಖ ಆಕೆಯದು. ಟೈಲರಮ್ಮನ ಮಗಳೂ ಆ ಕೈಗಳಲ್ಲೇ ಹುಟ್ಟಿದವಳು. ನರ್ಸಮ್ಮ, ಟೈಲರಮ್ಮ ಇಬ್ಬರೂ ಅಂದಿನಿಂದ ಅಕ್ಕತಂಗಿಯರ ಹಾಗಿದ್ದರು, ಬಿಳಿ ಕೋಟಿನ ತೋಳು ಉದ್ದವಾಯಿತೆಂದು ವರ್ಷಕ್ಕೊಮ್ಮೆ ಜಗಳವನ್ನೂ ಆಡುತ್ತಿದ್ದರು.

ನರ್ಸಮ್ಮ ಒಂದು ಬೆಳಿಗ್ಗೆ ಬಸುರಿಯರ ಒಂದು ಗುಂಪನ್ನೇ ಕಟ್ಟಿಕೊಂಡು ಬಂದಳು. ಬೆಂಚುಗಳು ಸಾಲದೆ ಟೈಲರಮ್ಮ ತನ್ನ ಮೆಷಿನ್ನಿನ ಸ್ಟೂಲನ್ನೂ ಕೊಟ್ಟಳು. ಅದರ ಮೇಲೆ ಕೂತದ್ದು ಬೇಕರಿಯವನ ಹೆಂಡತಿ. ಮೊದಲ ಹೆರಿಗೆಯಲ್ಲಿ ರಕ್ತ ಹೋಗಿ ಸತ್ತು ಬದುಕಿದ್ದವಳು, ಈಗ ಮತ್ತೆ ಬಸುರಿಯಾಗಿದ್ದಳು. ಅವಳ ಮುಖದಲ್ಲಿ ಹೆದರಿಕೆ ಕಾಣುತ್ತಿತ್ತು.

ನರ್ಸಮ್ಮನದು ಸುತ್ತಿಬಳಸಿ ಮಾತಾಡುವ ಜಾಯಮಾನವಲ್ಲ. 'ಕ್ಯಾಪ್ಟನ್ನೋರೇ, ನಮ್ಮ ವಾರ್ಡ್ ಮುಚ್ಚಬಾರದು. ಸಭೆಯಲ್ಲಿ ನೀವು ಈ ಮಸೂದೆ ವಿರುದ್ಧ ಎದ್ದು ನಿಲ್ಲಬೇಕು' ಎಂದಳು.

ಕ್ಯಾಪ್ಟನ್ ಬೆನ್ನು ನೆಟ್ಟಗೆ ಮಾಡಿದರು. 'ವಾರ್ಡ್ ಮುಚ್ಚಬಾರದು. ಸಭೆಯಲ್ಲಿ ನಾನು ಮಸೂದೆ ವಿರುದ್ಧ ಎದ್ದು ನಿಲ್ಲಬೇಕು. ಸರಿಯಾ?'

'ಸರಿ' ಎಂದಳು ನರ್ಸಮ್ಮ, ಮತ್ತು ಆಕೆಯ ಕಣ್ಣು ಒದ್ದೆಯಾಯಿತು. ಬೇಕರಿಯವನ ಹೆಂಡತಿ ಸ್ಟೂಲಿನಿಂದ ಎದ್ದು ಕೈ ಮುಗಿದಳು. ಕಿಟಕಿಯ ಕೆಳಗೆ ಚಪ್ಪಲಿ ಮೆಟ್ಟುವಾಗ ನರ್ಸಮ್ಮ ಎಲ್ಲರಿಗೂ ಧೈರ್ಯ ಹೇಳಿದಳು. ದೊಡ್ಡಾಸ್ಪತ್ರೆಯಲ್ಲಿ ತಿಂಗಳ ಕೊನೆಯೊಳಗೆ ಹೆಸರು ಬರೆಸಬೇಕು ಅಂತಿದ್ದರಲ್ಲ, ಇನ್ನು ಆ ಗೊಡವೆ ಬೇಡ, ಅಷ್ಟು ದೂರ ಹೋಗಿ ಸಾಲಿನಲ್ಲಿ ನಿಂತು ಸುಸ್ತಾಗಬೇಡಿ, ಕ್ಯಾಪ್ಟನ್ ಮಾತು ಕೊಟ್ಟಾಯಿತು ಎಂದಳು. ಟೈಲರಮ್ಮನ ಕಾಲು ಪೆಡಲ್ ಮೇಲೆ ನಿಂತುಬಿಟ್ಟಿತು. ಓಡಿಹೋಗಿ ನರ್ಸಮ್ಮನನ್ನು ತಡೆಯಬೇಕು ಅನ್ನಿಸಿತು. ಆದರೆ ಯಾರಿಗೆ ಗೊತ್ತು, ಇದೊಂದು ವಿಷಯದಲ್ಲಿ ಇವರು ನಿಜವಾಗಿಯೂ ಮನಸ್ಸು ಮಾಡಿರಬಹುದು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಗಂಡನ ಬಗ್ಗೆ ಅಷ್ಟು ಒಳ್ಳೆಯದನ್ನು ಯೋಚಿಸಿದ್ದೇ ಅವಳ ತಪ್ಪು.

ಅದೇ ವಾರ ಒಂದು ಸಂಜೆ ಪಕ್ಷದ ಸಚೇತಕರ ಫೋನು ಬಂತು. ಸಭೆಯಲ್ಲಿ ತಮ್ಮ ಪಕ್ಷದವರು ಯಾವುದಕ್ಕೆ ಏಳಬೇಕು, ಯಾವುದಕ್ಕೆ ಕೂರಬೇಕು ಎಂದು ಹುಕುಂ ಕೊಡುವುದೇ ಈ ಸಚೇತಕರ ಕೆಲಸ. ಅವರು ಹೇಳಿದ್ದು ಪರದೆಯಾಚೆಗೆ ಕೇಳಿಸಲಿಲ್ಲ. ಕೇಳಿಸುವ ಅಗತ್ಯವೂ ಇರಲಿಲ್ಲ, ಯಾಕೆಂದರೆ ಕ್ಯಾಪ್ಟನ್ ಅದನ್ನು ಗಟ್ಟಿಯಾಗಿ ತಿರುಗಿ ಹೇಳಿದರು.

'ಗುರುವಾರ ಮಸೂದೆ. ಒಬ್ಬರೂ ಗೈರಾಗಬಾರದು. ಎಲ್ಲರೂ ಪರವಾಗಿ ಎದ್ದು ನಿಲ್ಲಬೇಕು. ಸರಿಯಾ?' ಅತ್ತಲಿಂದ ಸರಿ ಬಂದಮೇಲೆ, 'ಆಯ್ತು ಸಾರ್, ನಮಸ್ಕಾರ' ಎಂದು ಫೋನಿಟ್ಟರು.

ಟೈಲರಮ್ಮ ಕತ್ತರಿ ಕೆಳಗಿಟ್ಟಳು. ಅಡಿಗೆಮನೆಗೆ ಹೋಗಿ ಅವರ ತಟ್ಟೆಗೆ ಬಡಿಸಿ, ತಾನು ಬಡಿಸಿಕೊಳ್ಳದೆ ಎದುರಿಗೆ ಕೂತಳು. ಕ್ಯಾಪ್ಟನ್ನರೇ ಎಂದು ಕರೆದಳು. ಅವರಿಗೆ ಆಗಲೇ ಗೊತ್ತಾಯಿತು.

'ನರ್ಸಮ್ಮನಿಗೆ ಒಂದು ಮಾತು ಕೊಟ್ರಿ. ಇವರಿಗೆ ಇನ್ನೊಂದು ಕೊಟ್ರಿ. ಯಾವುದು ನಿಜ?'

'ನಾನು ಇಬ್ಬರಿಗೂ ಮಾತು ಕೊಟ್ಟಿಲ್ವಲ್ಲ. ಕೇಳಿಸಿಕೊಂಡೆ, ತಿರುಗಿ ಹೇಳಿದೆ. ಅಷ್ಟೆ.'

ಇದನ್ನು ಅವರು ಎಷ್ಟು ಮುಗ್ಧವಾಗಿ ಹೇಳಿದರೆಂದರೆ, ಬೇರೆ ಯಾರಾದರೂ ಆಗಿದ್ದರೆ ನಕ್ಕು ಬಿಟ್ಟುಬಿಡುತ್ತಿದ್ದರು. ಅವಳಿಗೆ ನಗು ಬರಲಿಲ್ಲ. ಕಿಟಕಿಯ ಕೆಳಗೆ ಕೇಳಿದ್ದನ್ನು ಒಂದೂ ಬಿಡದೆ ಹೇಳಿದಳು. ವಾರ್ಡು ಉಳಿಯುತ್ತದೆಂದು ನಂಬಿ ಆ ಹೆಂಗಸರು ದೊಡ್ಡಾಸ್ಪತ್ರೆಯಲ್ಲಿ ಹೆಸರು ಬರೆಸುವುದನ್ನೇ ಬಿಟ್ಟಿದ್ದಾರೆ, ತಿಂಗಳು ಮುಗಿದರೆ ಅಲ್ಲಿ ಸೇರಿಸಿಕೊಳ್ಳುವುದಿಲ್ಲ, ಇಲ್ಲಿ ಬಾಗಿಲಿಗೆ ಬೀಗ ಬಿದ್ದಿರುತ್ತದೆ, ಬೇಕರಿಯವನ ಹೆಂಡತಿಗೆ ನೋವು ಶುರುವಾದರೆ ಅವಳನ್ನು ಎಲ್ಲಿಗೆ ಹೊತ್ತುಕೊಂಡು ಹೋಗುತ್ತೀರಿ ಎಂದು ಕೇಳಿದಳು.

ಕ್ಯಾಪ್ಟನ್ನರ ಕೈ ತಟ್ಟೆಯ ಮೇಲೇ ನಿಂತಿತು. ಹಾಗೆಂದು ನಾನು ಹೇಳಲೇ ಇಲ್ಲವಲ್ಲ ಎಂದು ಮೆಲ್ಲಗೆ ಅಂದರು. ಅವರು ಹಾಗೇ ಕೇಳಿಸಿಕೊಂಡರು ಎಂದಳು ಅವಳು.

ಆಮೇಲೆ, ಇಷ್ಟು ವರ್ಷ ಬಾಯಿಬಿಡದೆ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಒಂದು ಮಾತು ತಾನಾಗಿ ಹೊರಗೆ ಬಂತು. ಮಗಳು ಹುಟ್ಟುವ ಮೊದಲು, ರಜೆ ಮುಗಿಸಿ ಅವರು ಹೊರಟು ನಿಂತಾಗ, ಹೆರಿಗೆಗೆ ಬಂದುಬಿಡಿ, ನನಗೆ ಭಯ ಎಂದು ಅವಳು ಹೇಳಿದ್ದಳು. ಅವರು ಹೊಸಿಲಲ್ಲಿ ನಿಂತು, ಹೆರಿಗೆಗೆ ಬರಬೇಕು, ಸರಿಯಾ ಎಂದು ತಿರುಗಿ ಹೇಳಿದ್ದರು. ಅವಳು ಸರಿ ಅಂದಿದ್ದಳು. ಅದೇ ವಾರ್ಡಿನ ಅಂಥದೇ ಒಂದು ಕಬ್ಬಿಣದ ಮಂಚದ ಮೇಲೆ ನೋವು ತಿನ್ನುತ್ತಾ ಅವಳು ಬಾಗಿಲು ನೋಡಿದಳು. ಹಿಡಿದುಕೊಳ್ಳಲು ಸಿಕ್ಕಿದ್ದು ನರ್ಸಮ್ಮನ ಕೈ.

'ರಜೆ ಸಿಗಲಿಲ್ಲ ಕಣೇ' ಎಂದರು ಕ್ಯಾಪ್ಟನ್.

'ರಜೆ ಸಿಗದಿದ್ದದ್ದು ನಿಮ್ಮ ತಪ್ಪಲ್ಲ. ಬರೋಕಾಗುತ್ತೋ ಇಲ್ವೋ ಗೊತ್ತಿಲ್ಲ ಅಂತ ಅವತ್ತೇ ಹೇಳಿದ್ರೆ ನಾನು ಬಾಗಿಲು ನೋಡ್ತಾ ಮಲಗ್ತಿರಲಿಲ್ಲ. ಗೋಡೆ ಕಡೆ ತಿರುಗಿ ಹಲ್ಲು ಕಚ್ಚಿಕೊಂಡು ಹೆರ್ತಿದ್ದೆ.'

ಅವರು ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ, ತಪ್ಪೊಪ್ಪಿಕೊಳ್ಳುವವರ ಹಾಗಲ್ಲ, ತನಗೇ ಅರ್ಥ ಮಾಡಿಸಿಕೊಳ್ಳುವವರ ಹಾಗೆ ಹೇಳಿದರು. ಪೆಟ್ಟಿಗೆಯ ಮುಂದೆ ಕೂತವನಿಗೆ ಮಾತು ಕೊಡುವ ಅಧಿಕಾರ ಇರುವುದಿಲ್ಲ. ಅತ್ತ ಕಡೆ ಯಾರಾದರೂ ಸಹಾಯ ಕಳಿಸಿ ಎಂದು ಕೂಗಿಕೊಂಡರೂ ಅವನು ಕಳಿಸುತ್ತೇನೆ ಅನ್ನುವಂತಿಲ್ಲ, ಕಳಿಸಲ್ಲ ಅನ್ನುವಂತೆಯೂ ಇಲ್ಲ. ಕೇಳಿಸಿಕೊಂಡು ಹಿಂದೆ ನಿಂತ ಆಫೀಸರಿಗೆ ಮುಟ್ಟಿಸಬೇಕು. ತೀರ್ಮಾನ ಆಫೀಸರದು. ಜೀವನವೆಲ್ಲ ತಾನು ಮಾಡಿದ್ದು ಅದನ್ನೇ, ಅದನ್ನು ಚೆನ್ನಾಗಿಯೇ ಮಾಡಿದೆ ಎಂದರು.

'ಈಗ ನಿಮ್ಮ ಹಿಂದೆ ಯಾವ ಆಫೀಸರ್ ನಿಂತಿದ್ದಾನೆ ರೀ? ತಿರುಗಿ ನೋಡಿ. ಊರು ಕಳಿಸಿರೋದು ನಿಮ್ಮನ್ನ.'

ಅವರು ನಿಜವಾಗಿಯೂ ತಿರುಗಿ ನೋಡಿದರು. ಹಿಂದೆ ಪಾತ್ರೆ ಜೋಡಿಸಿದ ಗೋಡೆ ಇತ್ತು. ಅದನ್ನು ಕಂಡು ಟೈಲರಮ್ಮನಿಗೆ ಗಂಡನ ಮೇಲೆ ಎಷ್ಟು ಸಿಟ್ಟಿತ್ತೋ ಅಷ್ಟೇ ಅಯ್ಯೋ ಅನ್ನಿಸಿತು. ಎದ್ದು ಅವರ ತಟ್ಟೆಯಲ್ಲಿದ್ದದ್ದನ್ನು ಮತ್ತೆ ಬಿಸಿ ಮಾಡಿ ತಂದಿಟ್ಟಳು.

ಮಾರನೆಯ ಬೆಳಿಗ್ಗೆ ಅವರು ಬೆಂಚಿನ ಮೇಲೆ ಕಾದಿದ್ದವರಿಗೆಲ್ಲ ನಾಳೆ ಬನ್ನಿ ಎಂದು ಹೇಳಿ ನೇರ ವಾರ್ಡಿಗೆ ಹೋದರು. ಟೈಲರಮ್ಮನೂ ಹಿಂದೆಯೇ ಹೋದಳು, ಕೈಯಲ್ಲೊಂದು ಹೊಲಿದ ಕೋಟು ಹಿಡಿದುಕೊಂಡು, ಅದನ್ನು ಕೊಡಲಿಕ್ಕೇ ಬಂದವಳ ಹಾಗೆ. ತಪಾಸಣೆಗೆ ಬಂದಿದ್ದ ಹೆಂಗಸರು ಕಿಟಕಿಯ ಬಿಸಿಲಿನಲ್ಲಿ ಸಾಲಾಗಿ ಕೂತಿದ್ದರು. ಕ್ಯಾಪ್ಟನ್ ಮಂಚಗಳ ನಡುವೆ ನಿಂತು, ಅವತ್ತು ನಾನು ಹೇಳಿದ್ದನ್ನು ನೀವು ತಪ್ಪಾಗಿ ಎಂದು ಶುರು ಮಾಡಿ, ಅರ್ಧದಲ್ಲೇ ನಿಲ್ಲಿಸಿದರು.

'ವಾರ್ಡ್ ಮುಚ್ಚುತ್ತೆ. ನನ್ನ ಒಂದು ಮತದಿಂದ ಅದು ನಿಲ್ಲಲ್ಲ. ನನಗೆ ಅವತ್ತೇ ಗೊತ್ತಿತ್ತು, ಹೇಳಲಿಲ್ಲ. ಎಲ್ಲರೂ ಇವತ್ತೇ ದೊಡ್ಡಾಸ್ಪತ್ರೆಗೆ ಹೋಗಿ ಹೆಸರು ಬರೆಸೋಣ. ನಾನೂ ಬರ್ತೀನಿ.'

ಬೇಕರಿಯವನ ಹೆಂಡತಿ ಸೆರಗೂ ಕರವಸ್ತ್ರವೂ ಹುಡುಕದೆ ಅಂಗೈಯಲ್ಲೇ ಕಣ್ಣೊರಸಿಕೊಂಡಳು. ನರ್ಸಮ್ಮ ಕ್ಯಾಪ್ಟನ್ನರ ಮುಂದೆ ಬಂದು ನಿಂತಳು. ಗಿಡ್ಡ ಹೆಂಗಸು, ಆದರೆ ಆ ಹೊತ್ತಿಗೆ ಅವರೇ ಗಿಡ್ಡ ಕಂಡರು. ಇದನ್ನು ಅವತ್ತೇ ಹೇಳೋಕೆ ನಿಮಗೇನು ಕಷ್ಟವಾಗಿತ್ತು ಎಂದು ಕೇಳಿದಳು. ಈ ಹುಡುಗಿಯರಿಗೆ ನಾನು ನನ್ನ ಬಾಯಿಂದ ಸುಳ್ಳು ಹೇಳಿದ ಹಾಗಾಯಿತಲ್ಲ ಎಂದಳು. ಕ್ಯಾಪ್ಟನ್ ಆಕೆಯ ಮಾತನ್ನು ತಲೆ ತಗ್ಗಿಸಿ ಕೇಳಿದರು.

'ಹೋಗಲಿ. ವಾರ್ಡ್ ಹೋದರೆ ಹೋಯ್ತು. ಅಲ್ಲಿ ಎದ್ದಾದರೂ ನಿಲ್ತೀರೋ, ಅದೂ ಇಲ್ವೋ?' ಎಂದಳು ನರ್ಸಮ್ಮ.

ಟೈಲರಮ್ಮ ಕೋಟಿನ ಗುಂಡಿ ಹಿಡಿದುಕೊಂಡು ಕಾದಳು. ಎದ್ದು ನಿಂತರೆ ಪಕ್ಷದಿಂದ ಹೊರಗೆ ಹಾಕುತ್ತಾರೆ, ಮುಂದಿನ ಸಲ ಟಿಕೆಟ್ಟಿಲ್ಲ, ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

'ನಿಲ್ತೀನಿ' ಎಂದರು ಕ್ಯಾಪ್ಟನ್.

ಆ ಒಂದು ಪದವನ್ನು ಗಂಡನ ಬಾಯಲ್ಲಿ ಕೇಳಲು ತಾನು ಮುದುಕಿಯಾಗಬೇಕಾಯಿತಲ್ಲ ಎಂದು ಟೈಲರಮ್ಮನಿಗೆ ಸಂತೋಷವೂ ಆಯಿತು, ಹೊಟ್ಟೆಕಿಚ್ಚೂ ಆಯಿತು.

ಅವತ್ತೇ ಒಂದು ಬಾಡಿಗೆ ವ್ಯಾನಿನಲ್ಲಿ ಎಲ್ಲರೂ ನಗರಕ್ಕೆ ಹೋದರು. ತಿರುವು ಬಂದಾಗಲೆಲ್ಲ ಬೇಕರಿಯವನ ಹೆಂಡತಿಗೆ ವಾಂತಿ. ಶಾಸಕರು ಪ್ಲಾಸ್ಟಿಕ್ ಚೀಲ ಹಿಡಿದುಕೊಂಡು ಅವಳ ಪಕ್ಕ ಕೂತಿದ್ದರು. ದೊಡ್ಡಾಸ್ಪತ್ರೆಯ ಗುಮಾಸ್ತ ಇವರನ್ನು ಗುರುತು ಹಿಡಿದು, ಸಾರ್, ನೀವು ಒಳಗೆ ಬಂದು ಕೂರಿ, ಇವರದನ್ನೆಲ್ಲ ಆಮೇಲೆ ನೋಡೋಣ ಎಂದ. ನೋಡೋಣ ಬೇಡ, ಬರೆಯುತ್ತೀರೋ ಇಲ್ಲವೋ ಅಷ್ಟು ಹೇಳಿ ಎಂದು ಕ್ಯಾಪ್ಟನ್ ಕಡ್ಡಿ ಮುರಿದಂತೆ ಕೇಳಿದರು. ಅವನು ಕಕ್ಕಾಬಿಕ್ಕಿಯಾಗಿ ಬರೆಯುತ್ತೇನೆ ಅಂದ. ಸಂಜೆಯೊಳಗೆ ಎಲ್ಲರಿಗೂ ನಂಬರು ಸಿಕ್ಕಿತು.

ಗುರುವಾರ ಟೈಲರಮ್ಮ ಮೊದಲ ಬಾರಿಗೆ ಶಾಸನಸಭೆಯ ಮೆಟ್ಟಿಲು ಹತ್ತಿದಳು. ಜೊತೆಗೆ ನರ್ಸಮ್ಮ, ಇಸ್ತ್ರಿ ಮಾಡಿದ ಬಿಳಿ ಕೋಟಿನಲ್ಲೇ. ನೋಡುವವರಿಗಾಗಿ ಮೇಲೆ ಹಾಕಿದ್ದ ಗ್ಯಾಲರಿಯಲ್ಲಿ ಕೂತರೆ ಕೆಳಗಿನದೆಲ್ಲ ಕಾಣುತ್ತಿತ್ತು. ಅರ್ಧಚಂದ್ರದ ಹಾಗೆ ಬಾಗಿದ ಸಾಲುಗಳು, ಪ್ರತಿ ಆಸನದ ಮುಂದೆ ಒಂದು ಪುಟ್ಟ ಮೈಕು, ನಡುವೆ ಎತ್ತರದಲ್ಲಿ ಸಭಾಧ್ಯಕ್ಷರು. ಪರದೆಗಳ ಅಂಚು ಕೈಹೊಲಿಗೆಯದು, ಒಂದು ಕಡೆ ಹೊಲಿಗೆ ಬಿಟ್ಟಿತ್ತು, ಟೈಲರಮ್ಮನ ಕಣ್ಣಿಗೆ ಮೊದಲು ಬಿದ್ದದ್ದು ಅದು. ಗಂಡ ಆಳುವ ಪಕ್ಷದ ಮೂರನೇ ಸಾಲಿನ ನಡುವೆ ಕೂತಿದ್ದರು. ಮೇಲೆ ನೋಡಲಿಲ್ಲ.

ಮಸೂದೆಯ ಮೇಲೆ ಮಾತುಗಳಾದವು. ಹೆಚ್ಚಿನವರು ಬೇರೆ ಏನನ್ನೋ ಮಾತಾಡಿದರು. ಆಮೇಲೆ ಸಭಾಧ್ಯಕ್ಷರು, ಪರವಾಗಿ ಇರುವವರು ಎದ್ದು ನಿಲ್ಲಿ ಎಂದರು. ಆಳುವ ಪಕ್ಷದ ಸಾಲುಗಳು ಒಟ್ಟಿಗೆ ಎದ್ದವು. ಸಿಬ್ಬಂದಿಯೊಬ್ಬ ತಲೆ ಎಣಿಸಿಕೊಂಡು ಹೋದ. ಎದ್ದವರ ನಡುವೆ ಕೂತಿದ್ದ ಕ್ಯಾಪ್ಟನ್ ಯಾರ ಕಣ್ಣಿಗೂ ಬೀಳಲಿಲ್ಲ. ನರ್ಸಮ್ಮ ಮಾತ್ರ ಟೈಲರಮ್ಮನ ಮೊಣಕೈ ಹಿಡಿದುಕೊಂಡಳು.

ಅವರೆಲ್ಲ ಕೂತಮೇಲೆ, ವಿರುದ್ಧ ಇರುವವರು ಎಂದರು ಸಭಾಧ್ಯಕ್ಷರು. ಎದುರು ಪಕ್ಷದವರು ಎದ್ದರು. ಈ ಕಡೆ, ಮೂರನೇ ಸಾಲಿನ ನಡುವೆ, ಕ್ಯಾಪ್ಟನ್ ಎದ್ದು ನಿಂತರು. ಪಕ್ಕದವನು ಮುದುಕರಿಗೆ ಜೊಂಪು ಹತ್ತಿತ್ತೆಂದುಕೊಂಡು, ನಮ್ಮದು ಆಗಲೇ ಆಯಿತು, ಕೂತ್ಕೊಳ್ಳಿ ಎಂದು ಕೋಟಿನ ತುದಿ ಹಿಡಿದು ಎಳೆದ. ಹಿಂದಿನ ಸಾಲಿನಲ್ಲಿ ನಗೆ ಎದ್ದಿತು. ಎದುರು ಪಕ್ಷದವರೂ ನಕ್ಕರು. ಮುಂದಿನ ಸಾಲಿನಿಂದ ಸಚೇತಕರು ತಿರುಗಿ ಕೈಯಿಂದಲೇ ಕೂರಿ ಕೂರಿ ಎಂದರು. ಸಭಾಧ್ಯಕ್ಷರು ಒಳ್ಳೆಯ ಮನುಷ್ಯ, ಅವರಿಗೂ ನಗು ಬಂದಿತ್ತು. ಮಾನ್ಯ ಸದಸ್ಯರು ತಪ್ಪಾಗಿ ಎದ್ದಿರಬೇಕು, ಕುಳಿತುಕೊಳ್ಳಬಹುದು ಎಂದು ಬಹಳ ಮರ್ಯಾದೆಯಿಂದ ದಾರಿ ಮಾಡಿಕೊಟ್ಟರು.

ಕೂತಿದ್ದರೆ ಎಲ್ಲ ಸುಲಭವಾಗುತ್ತಿತ್ತು. ನಗುತ್ತಾ ತಲೆಯಾಡಿಸಿ ಕೂತಿದ್ದರೆ ಪಕ್ಷವೂ ಉಳಿಯುತ್ತಿತ್ತು, ಎದ್ದು ನಿಂತದ್ದೂ ಆಗುತ್ತಿತ್ತು. ಟೈಲರಮ್ಮನಿಗೆ ಒಂದು ಕ್ಷಣ ಗಂಡ ಕೂತುಬಿಡಲಿ ಎಂದೇ ಅನ್ನಿಸಿತು. ಅಷ್ಟು ಜನ ಅವರನ್ನು ನೋಡಿ ನಗುವುದನ್ನು ಅವಳಿಂದ ನೋಡಲಾಗಲಿಲ್ಲ.

ಕ್ಯಾಪ್ಟನ್ ಮೈಕಿನ ಕಡೆ ಸ್ವಲ್ಪ ಬಾಗಿದರು. 'ತಪ್ಪಾಗಿ ಎದ್ದಿಲ್ಲ ಅಧ್ಯಕ್ಷರೇ. ಎಣಿಸಿಕೊಳ್ಳಿ.'

ನಗು ನಿಂತಿತು. ಸಿಬ್ಬಂದಿ ಎಣಿಸುವುದನ್ನು ಬಿಟ್ಟು ಸಭಾಧ್ಯಕ್ಷರ ಮುಖ ನೋಡಿದ. ಅವರು ತಲೆಯಾಡಿಸಿದಮೇಲೆ, ಈ ಬದಿಗೆ ನಡೆದುಬಂದು, ಒಂದು ತಲೆ ಎಣಿಸಿಕೊಂಡು ಹೋದ. ಮಸೂದೆ ದೊಡ್ಡ ಅಂತರದಲ್ಲಿ ಪಾಸಾಯಿತು.

ಹೊರಗಿನ ಪಡಸಾಲೆಯಲ್ಲಿ ಸಚೇತಕರು ಕ್ಯಾಪ್ಟನ್ನರನ್ನು ಅಡ್ಡಗಟ್ಟಿದರು. ಮೆಟ್ಟಿಲಿಳಿದು ಬರುತ್ತಿದ್ದ ಹೆಂಗಸರಿಬ್ಬರೂ ಕಂಬದ ಪಕ್ಕದಲ್ಲೇ ನಿಂತರು. ಸಚೇತಕರು ಕೂಗಾಡಲಿಲ್ಲ. ಅವರಿಗೆ ನಿಜವಾಗಿಯೂ ನೋವಾಗಿತ್ತು. ಇಡೀ ಪಕ್ಷದಲ್ಲಿ ಒಬ್ಬರ ಮೇಲೆ ಕಣ್ಣುಮುಚ್ಚಿ ನಂಬಿಕೆ ಇಟ್ಟಿದ್ದರೆ ಅದು ನಿಮ್ಮ ಮೇಲೆ ಎಂದರು.

'ಅವತ್ತು ಫೋನಲ್ಲಿ ಏನಂದ್ರಿ? ನನಗೆ ಮಾತು ಕೊಟ್ಟಿದ್ರಿ ನೀವು.'

ಗಂಡನ ಉತ್ತರ ಟೈಲರಮ್ಮನಿಗೆ ಬಾಯಿಪಾಠವಾಗಿತ್ತು. ಕೇಳಿಸಿಕೊಂಡೆ, ತಿರುಗಿ ಹೇಳಿದೆ, ಅಷ್ಟೆ. ಅದು ನಿಜವೂ ಹೌದು. ಅದನ್ನು ಹೇಳಿದ್ದರೆ ಇಷ್ಟು ವರ್ಷ ಕಾಪಾಡಿಕೊಂಡು ಬಂದ ಹೆಮ್ಮೆ, ಒಬ್ಬರಿಗೂ ಮಾತು ತಪ್ಪಿಲ್ಲ ಎಂಬ ಹೆಮ್ಮೆ, ಹಾಗೇ ಉಳಿಯುತ್ತಿತ್ತು. ಅವಳು ಕಂಬಕ್ಕೆ ಕೈ ಕೊಟ್ಟು ಕಾದಳು.

'ಹೌದು, ಕೊಟ್ಟಿದ್ದೆ. ಮುರಿದೆ' ಎಂದರು ಕ್ಯಾಪ್ಟನ್. 'ನಿಮಗೆ ಮೊದಲೇ ಹೇಳಬೇಕಿತ್ತು. ತಪ್ಪು ನನ್ನದು.'

ಸಚೇತಕರು ನೆಪಗಳನ್ನು ಕೇಳಿ ಕೇಳಿ ಪಳಗಿದ್ದವರು. ಇದು ನೆಪವಾಗಿರಲಿಲ್ಲ. ಪಕ್ಷದ ಕಚೇರಿಯಿಂದ ಪತ್ರ ಬರುತ್ತದೆ ಎಂದಷ್ಟೇ ಹೇಳಿ ಹೋದರು. ಟೈಲರಮ್ಮ ಅಲ್ಲೇ, ಅಷ್ಟು ಜನ ಓಡಾಡುವ ಪಡಸಾಲೆಯಲ್ಲಿ, ನಾಚಿಕೆ ಬಿಟ್ಟು ಅತ್ತಳು. ನರ್ಸಮ್ಮ ಕೋಟಿನ ಜೇಬಿನಿಂದ ಹತ್ತಿ ತೆಗೆದುಕೊಟ್ಟಳು, ಆಕೆಯ ಹತ್ತಿರ ಇದ್ದದ್ದು ಅದೇ.

ಪಕ್ಷ ಅವರನ್ನು ಹೊರಹಾಕಿತು. ಉಳಿದ ಅವಧಿಯನ್ನು ಕ್ಯಾಪ್ಟನ್ ಸಭೆಯ ಕೊನೆಯ ಸಾಲಿನಲ್ಲಿ, ಯಾವ ಪಕ್ಷಕ್ಕೂ ಸೇರದವರ ಜಾಗದಲ್ಲಿ ಕೂತು ಮುಗಿಸಿದರು. ಮನೆಯ ಬೆಂಚುಗಳಿಗೆ ಜನ ಬರುತ್ತಲೇ ಇದ್ದರು. ಈಗ ಅವರು ಪೂರ್ತಿ ಕೇಳಿ, ಇದು ಆಗುತ್ತದೆ, ಮುಂದಿನ ತಿಂಗಳೊಳಗೆ ಮಾಡಿಸುತ್ತೇನೆ ಎಂದೋ, ಇದು ನನ್ನ ಕೈಲಿ ಆಗುವುದಿಲ್ಲ, ನನ್ನನ್ನು ನಂಬಿ ಕೂರಬೇಡಿ ಎಂದೋ ನೇರವಾಗಿ ಹೇಳುತ್ತಿದ್ದರು. ಆಗುತ್ತದೆ ಅಂದದ್ದಕ್ಕೆ ಕಚೇರಿಯಿಂದ ಕಚೇರಿಗೆ ಅಲೆದು, ಹಿಡಿದ ಪಟ್ಟು ಬಿಡದೆ ಮಾಡಿಸಿಯೇ ತೀರುತ್ತಿದ್ದರು. ಆದರೆ ಆಗುವುದಿಲ್ಲ ಅನ್ನಬೇಕಾದದ್ದೇ ಹೆಚ್ಚು. ಕಿಟಕಿಯ ಕೆಳಗೆ ಚಪ್ಪಲಿ ಮೆಟ್ಟುವವರ ಮುಖ ಗಂಟಿಕ್ಕಿರುತ್ತಿತ್ತು. ಬರಬರುತ್ತಾ ಬೆಂಚುಗಳು ಖಾಲಿಯಾದವು. ಚುನಾವಣೆ ಬಂದಾಗ ಒಂಟಿಯಾಗಿ ನಿಂತರು, ನೆಲಕಚ್ಚಿದರು. ಮಗಳು ಫೋನ್ ಮಾಡಿ ಅಪ್ಪ ಹೇಗಿದ್ದಾರೆ ಎಂದು ಕೇಳಿದಳು. ಊಟ ಮಾಡಿ ಮಲಗಿದ್ದಾರೆ, ಗೊರಕೆ ಕೇಳಿಸಿಕೊ ಎಂದು ಟೈಲರಮ್ಮ ಫೋನನ್ನು ಅವರ ಮೂಗಿನ ಹತ್ತಿರ ಹಿಡಿದಳು.

ಮೆಷಿನ್ನು ಮತ್ತೆ ಮುಂದಿನ ಕೋಣೆಗೆ ಬಂತು. ಕ್ಯಾಪ್ಟನ್ ಗುಂಡಿ ಹಚ್ಚುವುದು, ಇಸ್ತ್ರಿ ಹಾಕುವುದು ಕಲಿತರು. ಹೊಸ ಶಾಸಕ ಗೆದ್ದು ಸ್ವಲ್ಪ ದಿನಕ್ಕೆ ಬೇಕರಿಯವನ ಹೆಂಡತಿ ಅಂಗಡಿಗೆ ಬಂದಳು, ಪುಟ್ಟ ಮಗಳನ್ನು ಕೈ ಹಿಡಿದು ನಡೆಸಿಕೊಂಡು. ಇವಳೂ ಕಷ್ಟದಲ್ಲೇ ಹುಟ್ಟಿದವಳು, ದೊಡ್ಡಾಸ್ಪತ್ರೆಯಲ್ಲಿ ನಾಲ್ಕು ಬಾಟಲಿ ರಕ್ತ ಕೊಟ್ಟು ತಾಯಿಯನ್ನು ಉಳಿಸಿಕೊಂಡಿದ್ದರು. ಮಗುವಿಗೊಂದು ಫ್ರಾಕು ಹೊಲಿಯಬೇಕಿತ್ತು. ಟೈಲರಮ್ಮ ಮಗುವನ್ನು ಸ್ಟೂಲಿನ ಮೇಲೆ ನಿಲ್ಲಿಸಿ, ಬಾಯಲ್ಲಿ ಪಿನ್ನು ಕಚ್ಚಿಕೊಂಡು ಅಳತೆ ತೆಗೆಯತೊಡಗಿದಳು. ಮೂಲೆಯಲ್ಲಿ ಕ್ಯಾಪ್ಟನ್ ಇಸ್ತ್ರಿ ಹಾಕುತ್ತಿದ್ದಾರೆಂಬುದನ್ನು ಬೇಕರಿಯವನ ಹೆಂಡತಿ ಗಮನಿಸಿರಲಿಲ್ಲ.

'ಬೇಜಾರು ಮಾಡ್ಕೋಬೇಡಿ ಅಕ್ಕ, ಈ ಸಲ ನಾವೂ ಹೊಸಬರಿಗೇ ಹಾಕಿದ್ವಿ' ಎಂದಳು ಅವಳು. 'ಮೊದಲು ಯಜಮಾನ್ರು ಎಷ್ಟು ಚೆನ್ನಾಗಿ ಕೇಳಿಸ್ಕೊಳ್ತಿದ್ರು. ಆಮೇಲಾಮೇಲೆ ಯಾಕೋ ಬಡವರ ಮಾತು ಅವರ ಕಿವಿಗೇ ಬೀಳ್ತಿರಲಿಲ್ಲ.'

ಟೈಲರಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಪಿನ್ನುಗಳನ್ನು ಬಾಯಿಂದ ತೆಗೆದಳು. ಆ ದೊಡ್ಡಾಸ್ಪತ್ರೆಯಲ್ಲಿ ನಿನಗೆ ಜಾಗ ಸಿಕ್ಕಿದ್ದು ಹೇಗೆ, ದಾರಿಯುದ್ದಕ್ಕೂ ನಿನ್ನ ವಾಂತಿಗೆ ಚೀಲ ಹಿಡಿದವರು ಯಾರು ಎಂದು ಕೇಳಿಯೇಬಿಡುವುದರಲ್ಲಿದ್ದಳು. ಮೂಲೆಯಿಂದ ಕ್ಯಾಪ್ಟನ್ ಅವಳನ್ನೇ ನೋಡುತ್ತಿದ್ದರು. ಬೇಡ ಎಂದು ಸಣ್ಣಗೆ ತಲೆಯಾಡಿಸಿದರು. ಅವಳು ನಾಲಿಗೆ ಕಚ್ಚಿಕೊಂಡಳು. ಜೀವಮಾನದಲ್ಲಿ ಅವಳಿಗೆ ಅದಕ್ಕಿಂತ ಕಷ್ಟದ ಕೆಲಸ ಇನ್ನೊಂದಿರಲಿಲ್ಲ.

ಬೇಕರಿಯವನ ಹೆಂಡತಿ ಶುಕ್ರವಾರಕ್ಕೇ ಫ್ರಾಕು ಬೇಕೆಂದಳು. ಟೈಲರಮ್ಮ ಇನ್ನೂ ಸಿಟ್ಟಿನಲ್ಲೇ ಅಳತೆಯ ಟೇಪು ಸುತ್ತುತ್ತಿದ್ದಳು. ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟು ಕ್ಯಾಪ್ಟನ್ ಹೇಳಿದರು.

'ಶುಕ್ರವಾರಕ್ಕೆ ಆಗಲ್ಲಮ್ಮ. ಸೋಮವಾರ ಬೆಳಿಗ್ಗೆ ಕೊಡ್ತೀವಿ.'

ಅವಳು ಬೆಚ್ಚಿಬಿದ್ದು, ಅವರನ್ನು ಕಂಡು ಮುಖ ಕೆಂಪಾಗಿ, ಇಲ್ಲೂ ಆಗಲ್ಲ ಅಂತಲೇ ಶುರುವಾಯಿತಲ್ಲ ಎಂದು ಗೊಣಗುತ್ತಾ ಮಗುವನ್ನು ಎತ್ತಿಕೊಂಡು ಹೋದಳು. ಸೋಮವಾರ ಬೆಳಿಗ್ಗೆ ಬೇಕರಿಯ ಬಾಗಿಲು ತೆಗೆಯುವ ಹೊತ್ತಿಗೆ ಕ್ಯಾಪ್ಟನ್ ಫ್ರಾಕು ಹಿಡಿದುಕೊಂಡು ಮೆಟ್ಟಿಲ ಹತ್ತಿರ ನಿಂತಿದ್ದರು.